ಗೂಡ್ಸ್ ದಾಟಲಿ

ಗುಂಡು ಆರನ್ನೂ ಮೊದಲು ಒಳಕೋಣೆಗೆ ಸಾಗಿಸಿದೆ,
ರಾಗಿ ಡಬ್ಬದ ಹಿಂದಿನ ಬೀಗದ ಪೆಟ್ಟಿಗೆಗೆ.
ನಾನು ಬಾಯಲ್ಲಿ ಎಣಿಸಿದೆ, ಇವರು ಕಣ್ಣಲ್ಲಿ.
ಆಮೇಲೂ ಮಡಚಿ ತೆರೆದು ಕಿಟಕಿಗೆ ಹಿಡಿದೆ:
ಆರು ತೂತಿನಲ್ಲೂ
ಆಚೆಮನೆ ತಾರಸಿಯ ಹಪ್ಪಳ ಕಂಡವು.
ಸರಿ, ಖಾಲಿ.

"ಕ್ಯಾಲೆಂಡರಿನ ತಾರೀಖಿನ ಮೇಲೆ ಗುರಿ ನಿಲ್ತಿಲ್ಲ.
ಸಿಲಿಂಡರು ಅಲ್ಲಾಡ್ತದೆ, ಎಲ್ಲೋ ಸವೆದಿದೆ, ನೋಡು.
ನಿನ್ನ ಕೈಗೆ ಕಬ್ಬಿಣ ಮಾತಾಡ್ತದೆ."

ಇಪ್ಪತ್ತೆಂಟು ವರ್ಷ ಹೊಲಿಗೆ ಮಿಷನ್ನು ಬಿಚ್ಚಿ ಕೂಡಿಸಿದ ಕೈ.
ಅರಸೀಕೆರೆಯ ಅರ್ಧ ಊರಿನ ರವಿಕೆ ದಾರ
ಇದೇ ಜಗಲಿಯಲ್ಲಿ ಸಿಕ್ಕು ಬಿಡಿಸಿಕೊಂಡಿದೆ.
ಸೂಜಿ ಇಳಿಯುವುದಕ್ಕೂ ಕೊಕ್ಕೆ ತಿರುಗುವುದಕ್ಕೂ
ಕೂದಲೆಳೆ ತಪ್ಪಿದರೆ ಹೊಲಿಗೆ ಜಿಗಿಯುತ್ತೆ.
ಇದೂ ಹಾಗೇ ತಾನೆ, ಅಂದೆ.
"ಹಾಗೇ. ಆದರೆ ಇದರಲ್ಲಿ
ಬಿಚ್ಚಿ ಮತ್ತೆ ಹೊಲಿಯೋಕಾಗಲ್ಲ."

ಹಳೇ ಪೇಪರು ಹಾಸಿ, ಮಿಷನ್ ಎಣ್ಣೆ, ಸವೆದ ಹಲ್ಲುಜ್ಜೋ ಬ್ರಷ್ಷು.
ಇವರು ಕಣ್ಣು ಮುಚ್ಚಿ ಕೂತರು, ಶಾಲಿನೊಳಗೆ ಕೈ.
"ಹ್ಯಾಮರು ನಿಧಾನ ಎಳಿ."
(ಇವರಪ್ಪ ಅದಕ್ಕೆ ಕುದುರೆ ಅನ್ನುತ್ತಿದ್ದರು,
ಕುದುರೆ ಕಿವಿ ನಿಮಿರಿಸಿದರೆ ಮನುಷ್ಯ ತಲೆ ತಗ್ಗಿಸಬೇಕು ಅಂತ.)
"ಸಿಲಿಂಡರಿನ ಬೀಗ ಮೊದಲು ಬೀಳಬೇಕು,
ಹ್ಯಾಮರು ಆಮೇಲೆ ನಿಲ್ಲಬೇಕು.
ಉಲ್ಟಾ ಆದರೆ ಹಲ್ಲು ಸವೆದಿದೆ ಅಂತ."

ಟಿಕ್. ಟಕ್.
ಒಂದನೇ ಮನೆ. ಎರಡನೇದು. ಮೂರು.
ನಾಲ್ಕರಲ್ಲಿ ಟಿಕ್ ಬರಲು ತಡವಾಯಿತು,
ಬಾಗಿಲ ಬಳಿ ಬಂದು ಹೆಸರು ಮರೆತ ನೆಂಟನ ಹಾಗೆ.
ಇವರ ಹುಬ್ಬು ನನಗಿಂತ ಮೊದಲೇ ಏರಿತು.

ನಕ್ಷತ್ರದಂಥ ಚಕ್ರದ ಕೆಳಗೆ
ಒರೆಸುವ ಬಟ್ಟೆಯದೊಂದು ಎಳೆ, ಖಾಕಿ.
ಹದಿನಾರನೇ ನಂಬರಿನ ಸೂಜಿಯಲ್ಲಿ ಮೀಟಿ ತೆಗೆದೆ.
ಆಮೇಲೆ ಆರೂ ಒಂದೇ ದನಿ.
ನಳಿಗೆಗೂ ಸಿಲಿಂಡರಿಗೂ ನಡುವೆ
ಪಂಚಾಂಗದ ಒಂದು ಹಾಳೆ ಹೋಯಿತು, ಎರಡು ಹೋಗಲಿಲ್ಲ.
ಅಲುಗಾಡಿಸಿದೆ. ಬಿಗಿ. ಹೊಸ ಮದುಮಗಳ ಬಳೆಯಷ್ಟು ಬಿಗಿ.
ಉಗುರಿನ ಬೆಳಕಲ್ಲಿ ನಳಿಗೆ ಇಣುಕಿದೆ:
ಬಾವಿಯಂತೆ ಸುತ್ತಿ ಸುತ್ತಿ ಇಳಿದ ಗೆರೆ, ತುಕ್ಕಿಲ್ಲ.

"ಕೊಡು ಇಲ್ಲಿ."
ಎದ್ದರು. ಗೋಡೆಯ ಹತ್ತೊಂಬತ್ತನೇ ತಾರೀಖಿಗೆ ಹಿಡಿದರು.
ಕಾಲು ಸರಿಯಾಗಿಯೇ ಅಗಲಿಸಿದ್ದರು, ರೆಜಿಮೆಂಟು ಕಲಿಸಿದಷ್ಟೇ.
"ಇನ್ನೂ ಇದೆ ಅಲ್ಲಾಟ."

ಗೂಡ್ಸ್ ದಾಟಲಿ, ತಡೀರಿ, ಅಂದೆ.
ಬೀರೂರು ಕಡೆಯಿಂದ ಬಂತು.
ಐವತ್ತೆಂಟು ಡಬ್ಬಿ.
ಲೋಟ ನಡುಗಿತು, ಎಣ್ಣೆ ಬಾಟಲಿ ನಡುಗಿತು,
ತಾರೀಖು ಸಮೇತ ಕ್ಯಾಲೆಂಡರು ಮೊಳೆಯಲ್ಲಿ ಕುಣಿಯಿತು,
ನನ್ನ ಮೊಣಕಾಲೂ.
ಅಷ್ಟು ಹೊತ್ತು ಇವರ ಕೈ
ಮನೆಯಲ್ಲಿ ಎಲ್ಲರಂತೆಯೇ ಇತ್ತು.

ಗೂಡ್ಸ್ ಹೋಯಿತು.
ಒಂದೊಂದಾಗಿ ಎಲ್ಲ ನಿಂತವು.

ನಾನು ಪೇಪರು ನೋಡಿದೆ. ಹಳೇ ಕೊಬ್ಬರಿ ಧಾರಣೆ.
ಸ್ಪ್ರಿಂಗು ಸೋತಿರಬೇಕು, ಅಂದೆ.
ಹಾಸನದ ಅಂಗಡಿಗೆ ಕೊಡೋಣ, ಅಲ್ಲೇ ಇರಲಿ ಕೆಲವು ದಿನ.
ಬಹಳ ಹೊತ್ತು ಮಾತಿಲ್ಲ.
"ಸ್ಪ್ರಿಂಗಿನ ಶಬ್ದ ಕೇಳೇ ಬದುಕಿದೀನಿ ಕಣೇ.
ಅದು ಚೆನ್ನಾಗಿದೆ."

ಶುಕ್ರವಾರ ಬಿ.ಎಂ. ರಸ್ತೆ.
ಖಲೀಲ್ ಸಾಹೇಬರು ದಪ್ಪ ರಿಜಿಸ್ಟರು ತೆರೆದು
ನಂಬರು ಬರೆದು, ಗುಂಡಿನ ಲೆಕ್ಕ ಬರೆದು,
ಪೆನ್ನು ಎತ್ತಿದರು: ದೋಷ ಏನಮ್ಮ?
ನನ್ನ ನಾಲಿಗೆಯಲ್ಲಿ ನಾಲ್ಕನೇ ಮನೆಯ ಟಿಕ್, ಬರಲೇ ಇಲ್ಲ.
"ಸ್ಪ್ರಿಂಗು," ಅಂದರು ಇವರು. "ಸ್ಪ್ರಿಂಗ್ ಅಂತಲೇ ಬರ್ಕೊಳ್ಳಿ."

ಸಹಿ ಹಾಕಬೇಕಿತ್ತು.
ಹಾಕಿದರು.
ಸಾಹೇಬರು ಲೈಸೆನ್ಸಿನ ಸಹಿ ನೋಡಿ, ಇದನ್ನು ನೋಡಿ,
ಮೆಲ್ಲಗೆ ರಿಜಿಸ್ಟರು ಮುಚ್ಚಿದರು.

ಆ ರಸ್ತೆಯಲ್ಲಿ ಗೂಡ್ಸ್ ಓಡುವುದಿಲ್ಲ.